ಕೈಬಿಟ್ಟ ಸಾಲು

ಬೆಳಿಗ್ಗೆ ಆರೂವರೆಗೆ ವನಜಾಕ್ಷಿಯ ಬಲತೋಳು ಅವಳದೇ ದನಿಯಲ್ಲಿ ಮಾತಾಡಿತು.

"ಅಕ್ಕಾ, ನಮಸ್ಕಾರ. ಕಾಲಿನ ಮೀನಖಂಡದಲ್ಲಿ ನೋವು, ಬಾವು ಏನಾದರೂ ಇದೆಯೇ?"

"ಇಲ್ಲ," ಎಂದಳು ವನಜಾಕ್ಷಿ, ಕಣ್ಣು ಬಿಡದೆ.

"ಉಸಿರಾಡಲು ಕಷ್ಟವೇ? ಎದೆಯಲ್ಲಿ ನೋವೇ?"

"ಇಲ್ಲ."

"ಮುಟ್ಟು ನಿಂತ ಮೇಲೆ ಒಂದು ಹನಿಯಾದರೂ ರಕ್ತ ಕಾಣಿಸಿತೇ?"

"ಇಲ್ಲ ಮಾರಾಯ್ತಿ, ಇಲ್ಲ. ಮುಗಿಸು."

"ಸಂತೋಷ ಅಕ್ಕಾ," ಎಂದು ದಿನದ ಎರಡು ಎಚ್ಚರಿಕೆ ಒಪ್ಪಿಸಿ, "ನಾಳೆ ಮತ್ತೆ ಮಾತಾಡೋಣ," ಎಂದು ತೋಳು ಸುಮ್ಮನಾಯಿತು. ಎಂಥ ಸಂತೋಷವೋ! ಮಂಡಿಗೆರಡು ಗುದ್ದು ಕೊಟ್ಟು, ಸೊಂಟ ಹಿಡಿದುಕೊಂಡು, ಗೋಡೆಗೆ ಕೈಯೂರಿ ಎದ್ದು ನಿಲ್ಲುವಷ್ಟರಲ್ಲಿ ವನಜಾಕ್ಷಿಗೆ ಅರ್ಧ ದಿನದ ಕೆಲಸ ಮುಗಿಸಿದಷ್ಟು ಸುಸ್ತಾಗಿತ್ತು.

ಹೊರಗಿನ ಕೋಣೆಯಿಂದ ಮಗಳು ಭೂಮಿಕಾ ಕೂಗಿದಳು. ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. "ಅಮ್ಮಾ, ನಿನ್ನ ದನಿಗೆ ನೀನೇ ಸುಳ್ಳು ಹೇಳ್ತೀಯಲ್ಲ! ರಾತ್ರಿಯೆಲ್ಲ ಮಂಡಿ ನೋವು ಅಂತ ನರಳ್ತಿದ್ದೆ."

"ಅದು ಕೇಳಿದ್ದು ಮೀನಖಂಡ ಕಣೇ. ಮಂಡಿ ಯಾರು ಕೇಳಿದ್ರು?"

ಇದು ಹೀಗೇ ಮೂರು ವರ್ಷದಿಂದ ನಡೆದಿತ್ತು. ಮೊದಲು ಎದೆಯ ಕ್ಯಾನ್ಸರಿನ ಹೆಂಗಸರಿಗೆ, ಶಸ್ತ್ರಚಿಕಿತ್ಸೆ, ಕರೆಂಟು ಕೊಡುವುದು ಎಲ್ಲ ಮುಗಿದ ಮೇಲೆ, ದಿನಕ್ಕೊಂದು ಗುಳಿಗೆ ಅಂತ ಐದು ವರ್ಷ ಬರೆದುಕೊಡುತ್ತಿದ್ದರು. ಕೆಲವು ಜಾತಿಯ ಗಡ್ಡೆಗಳಿಗೆ ಹೆಣ್ಣಿನ ಮೈಯ ಹಾರ್ಮೋನೇ ಅನ್ನ. ಆ ಅನ್ನವನ್ನು ತಡೆದುಬಿಟ್ಟರೆ ಎಲ್ಲೋ ಅಡಗಿ ಕೂತ ಕಣವೂ ಹಸಿದು ಸಾಯುತ್ತದೆ ಎಂಬುದು ಲೆಕ್ಕ. ಲೆಕ್ಕವೇನೋ ಸರಿ. ಆದರೆ ಗಡ್ಡೆಯ ಜೊತೆಗೆ ಹೆಂಗಸೂ ಸೊರಗುತ್ತಾಳಲ್ಲ! ಇದ್ದಕ್ಕಿದ್ದಂತೆ ಮೈಗೆ ಬೆಂಕಿ ಬಿದ್ದ ಹಾಗೆ ಉರಿ, ಕೀಲು ಕೀಲಿಗೂ ನೋವು, ನಿದ್ದೆಯಿಲ್ಲ, ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು. ಅರ್ಧಕ್ಕರ್ಧ ಮಂದಿ ನಡುವೆಯೇ ಗುಳಿಗೆ ಬಿಟ್ಟುಬಿಡುತ್ತಿದ್ದರು. ಬಿಡದವರೂ ಔಷಧಿ ಡಬ್ಬಿಯಲ್ಲಿ ಮಡಚಿಟ್ಟ ಇರುವೆ ಅಕ್ಷರದ ಚೀಟಿಯನ್ನು ಓದುತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟಬಹುದು, ಗರ್ಭಕೋಶದ ಒಳಪದರ ದಪ್ಪವಾಗಬಹುದು, ಬೇರೆ ಔಷಧಿ ತಗೊಳ್ಳುವ ಮುಂಚೆ ಕೇಳಿ, ಬಸುರಿಯರು ಮುಟ್ಟಬೇಡಿ ಅಂತೆಲ್ಲ ಅದರಲ್ಲಿ ಇರುತ್ತಿತ್ತು. ಓದುವವರು ಯಾರು?

ಆ ಚೀಟಿಗೇ ಬಾಯಿ ಬಂದರೆ ಹೇಗೆ ಅಂತ ಯಾರೋ ಒಬ್ಬ ವಿಜ್ಞಾನಿಗೆ ಹೊಳೆಯಿತು. ಹಾಗೆ ಹುಟ್ಟಿದ್ದು ತೋಳಬಿಲ್ಲೆ. ಹಳೆಯ ಎಂಟಾಣೆ ನಾಣ್ಯದಷ್ಟು ಅಗಲ. ಶಸ್ತ್ರಚಿಕಿತ್ಸೆಯಾದ ಕಡೆಗಲ್ಲ, ಇನ್ನೊಂದು ಕಡೆಯ ತೋಳಿಗೆ ಅಂಟಿಸುತ್ತಾರೆ. ಅಡಿಯಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳು. ಚರ್ಮದ ಮೇಲ್ಪದರ ದಾಟುವುದಿಲ್ಲ, ನೋವಿಲ್ಲ. ತೊಂಬತ್ತು ದಿನದ ಔಷಧ ಒಳಗೇ ಇದ್ದು ತೊಟ್ಟು ತೊಟ್ಟಾಗಿ ಮೈಗೆ ಇಳಿಯುತ್ತದೆ. ದಿನಕ್ಕೊಮ್ಮೆ ಬಾಯಿಬಿಟ್ಟು ಮೂರು ಪ್ರಶ್ನೆ ಕೇಳಿ, ಸರದಿಯಂತೆ ಎರಡು ಎಚ್ಚರಿಕೆ ಹೇಳಿ, ಉತ್ತರವನ್ನು ದಾವಣಗೆರೆಯ ಕಾವಲು ಕೋಣೆಗೆ ಕಳಿಸುತ್ತದೆ. ಮೂರು ಜಿಲ್ಲೆಯ ನಾಲ್ಕು ಸಾವಿರ ಹೆಂಗಸರ ತೋಳಿನ ಮೇಲೆ ದಿನಾ ಕೇಳುವುದು ವನಜಾಕ್ಷಿಯದೇ ದನಿ.

ಅವಳದೇ ಯಾಕೆ ಅಂದರೆ, ಹತ್ತೊಂಬತ್ತು ವರ್ಷ ಬಸ್ ನಿಲ್ದಾಣದಲ್ಲಿ "ಹರಿಹರ, ರಾಣೆಬೆನ್ನೂರು, ಹಾವೇರಿ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ಬಸ್ಸು" ಎಂದು ಕೂಗಿದ ಗಂಟಲು ಅದು. ಸುತ್ತಲ ಊರಿನವರಿಗೆಲ್ಲ ಗುರುತು. ಅವಳಿಗೇ ಗಡ್ಡೆ ಬಂತು, ಎಡ ಎದೆ ಹೋಯಿತು, ಬಿಲ್ಲೆ ಅಂಟಿತು. ದನಿಯೂ ಇದೆ, ಕಾಯಿಲೆಯೂ ಇದೆ, ಇಂಥವಳು ಇನ್ನೆಲ್ಲಿ ಸಿಗುತ್ತಾಳೆ ಅಂತ ಕಾವಲು ಕೋಣೆಯವರು ಕರೆದು ಕೆಲಸ ಕೊಟ್ಟರು. ಈಗ ಅವಳ ಮಾತು ಅವಳಿಗೇ ಸಾಕಾಗಿತ್ತು. ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಪಕ್ಕದವಳ ತೋಳು "ಅಕ್ಕಾ" ಎಂದರೆ ಬೆಚ್ಚಿಬೀಳುವ ಹಾಗಾಗಿತ್ತು.

ಕಾವಲು ಕೋಣೆಯ ಗೋಡೆ ತುಂಬ ಒಂದು ನಕ್ಷೆ. ಆರಾಮಾಗಿರುವ ಹೆಂಗಸು ಹಸಿರು ಚುಕ್ಕೆ. ಬಿಲ್ಲೆಯಲ್ಲಿ ಏನೋ ಏರುಪೇರಾದವಳು ಹಳದಿ. "ಹೌದು, ಕಾಲು ಊದಿದೆ" ಅಂದವಳು ಕೆಂಪು. ಅವಳ ಮನೆಗೆ ಗಂಟೆಯೊಳಗೆ ನರ್ಸು ಹೋಗಬೇಕು. ಆದರೆ ಕೆಂಪು ಹತ್ತುವುದು ಅಪರೂಪ. ನಮ್ಮ ಹೆಂಗಸರನ್ನು ಹೇಗಿದ್ದೀಯವ್ವಾ ಅಂತ ಕೇಳಿ ನೋಡಿ, ಜ್ವರ ನೂರಮೂರಿದ್ದರೂ ಆರಾಮ ಅನ್ನುತ್ತಾರೆ. ಬೇರೆ ಏನಾದರೂ ಅಂದರೆ ಮನೆಯವರೆಲ್ಲ ಎದ್ದು ಕೂರುತ್ತಾರೆ, ಅವರಿಗೆ ಕಾಫಿ ಮಾಡುವವಳೂ ಇವಳೇ.

ಆ ವಾರ ನಕ್ಷೆಯಲ್ಲಿ ಹನ್ನೊಂದು ಹಳದಿ ಚುಕ್ಕೆ ಒಂದೇ ಕಡೆ ಗುಂಪಾಗಿದ್ದವು. ಮಂಡಕ್ಕಿ ಭಟ್ಟಿಗಳ ಬಡಾವಣೆ. ಹನ್ನೊಂದೂ ಬಿಲ್ಲೆಯಲ್ಲಿ ತೊಂಬತ್ತು ದಿನ ಬರಬೇಕಾದ ಔಷಧ ಐವತ್ತೈದು, ಅರವತ್ತು ದಿನಕ್ಕೇ ಬರಿದಾಗುತ್ತಿತ್ತು.

"ಕಿತ್ತು ಕಿತ್ತು ಹಚ್ಕಂತಾರೆ ಕಣ್ರೀ ಮೇಡಂ," ಎಂದ ತಿಪ್ಪೇಶ. ಕೋಣೆಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಇಂಜಿನಿಯರು. ಒಳ್ಳೆಯ ಕೆಲಸಗಾರ, ಚಹಾ ಮಾತ್ರ ಇಪ್ಪತ್ತು ನಿಮಿಷಕ್ಕೊಮ್ಮೆ ಬೇಕು. "ಕಿತ್ತಾಗ ಔಷಧ ಗಾಳಿಗೆ ಒಣಗ್ತದೆ. ಕಂಪನಿಯವರ ಪುಸ್ತಕದಾಗೇ ಬರ್ದಾರೆ, ಬೇಗ ಬರಿದಾದ್ರೆ ಕಿತ್ತಾರೆ ಅಂತ ಅರ್ಥ."

"ಹನ್ನೊಂದು ಜನಾನೂ?"

"ಒಬ್ಬರನ್ನ ನೋಡಿ ಒಬ್ಬರು. ಕೆರೀತದೆ ಅಂತ ಕೀಳೋದು, ಆಮೇಲೆ ಹೆದರಿ ಹಚ್ಚೋದು. ನೀವು ಒಂದು ಮಾತು ಗದರಿಸಿ ಹೇಳ್ರಿ."

ಗದರಿಸುವ ಒಂದು ವಾಕ್ಯ ಮೊದಲೇ ಧ್ವನಿ ಮುದ್ರಿಸಿ ಇಟ್ಟಿದ್ದರು. "ಅಕ್ಕಾ, ದಯವಿಟ್ಟು ಬಿಲ್ಲೆಯನ್ನು ಕೀಳಬೇಡಿ, ನಿಮ್ಮ ಜೀವ ಅದರಲ್ಲಿದೆ." ಎರಡು ವಾರ ಆ ಹನ್ನೊಂದು ತೋಳುಗಳು ಅದನ್ನೇ ಹಾಡಿದವು. ಚುಕ್ಕೆ ಹಸಿರಾಗಲಿಲ್ಲ. ಕೊನೆಗೆ ವನಜಾಕ್ಷಿ ಪಟ್ಟಿಯ ಮೊದಲ ಹೆಸರಿಗೆ ಫೋನ್ ಮಾಡಿದಳು. ಜುಲೇಕಾಬಿ, ವಯಸ್ಸು ಅರವತ್ತು, ಮಂಡಕ್ಕಿ ಹುರಿಯುವವಳು.

"ಓಹೋ, ಬಿಲ್ಲೆ ಅಮ್ಮಾರು!" ಎಂದಿತು ಆ ಕಡೆಯ ದನಿ, ಸ್ವಲ್ಪ ಏದುಸಿರಿನಲ್ಲಿ. "ದಿನಾ ತೋಳಿನಾಗೆ ಬೈತೀರಿ, ಇವತ್ತು ಫೋನಿನಾಗೂ ಬೈತೀರಾ?"

"ಬೈಯೋಕಲ್ಲ ಜುಲೇಕಕ್ಕಾ. ಬಿಲ್ಲೆ ಕಿತ್ತು ಹಚ್ಚಿದ್ರೆ ಔಷಧಿ ದಂಡ ಆಗುತ್ತೆ, ಅದಕ್ಕೆ ಹೇಳೋದು."

"ನಾನು ಕಿತ್ತಿಲ್ಲಮ್ಮ. ಅಲ್ಲಾನ ಮೇಲಾಣೆ. ಸ್ನಾನದಾಗೂ ಮುಟ್ಟಿಲ್ಲ. ಕಿತ್ತಿಲ್ಲ ಅಂತ ಅದಕ್ಕೂ ದಿನಾ ಹೇಳ್ತೀನಿ, ಸಂತೋಷ ಅಕ್ಕಾ ಅಂತದೆ, ಮಾರನೇ ದಿನ ಮತ್ತೆ ಕೀಳಬೇಡಿ ಅಂತದೆ. ಹೇಳಿದ್ದು ಕೇಳಂಗಿಲ್ಲ ಅಂದಮೇಲೆ ಕೇಳೋದ್ಯಾಕೆ?"

"ಆಯ್ತಕ್ಕಾ, ನೋಡ್ತೀನಿ" ಎಂದು ವನಜಾಕ್ಷಿ ಫೋನಿಟ್ಟಳು. ನಿಜ ಹೇಳಬೇಕೆಂದರೆ ನಂಬಲೂ ಇಲ್ಲ. ಆ ಹೊತ್ತಿಗೆ ಅವಳ ಮೈಯಲ್ಲಿ ಉರಿ ಎದ್ದಿತ್ತು; ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಫ್ಯಾನಿನ ಕೆಳಗೆ ಹೋಗಿ ನಿಂತಳು. ಇನ್ನು ಹತ್ತು ಹೆಸರಿಗೆ ಫೋನ್ ಮಾಡುವ ತ್ರಾಣ ಉಳಿಯಲಿಲ್ಲ.

ಭಾನುವಾರ ಭೂಮಿಕಾಳಿಗೆ ಜೋಳದ ರೊಟ್ಟಿಯ ಬಯಕೆ. ಬಸುರಿ ಮಗಳು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನಲಾದೀತೆ? ಮನೆಯಲ್ಲಿ ಗ್ಯಾಸಿನ ಒಲೆಯೇ ಇದ್ದರೂ ಹಿತ್ತಲಲ್ಲಿ ಕಟ್ಟಿಗೆ ಹಚ್ಚಿ, ದೊಡ್ಡ ಹೆಂಚು ಇಟ್ಟು, ವನಜಾಕ್ಷಿ ರೊಟ್ಟಿ ಬಡಿಯಲು ಕೂತಳು. ಕೀಲು ನೋವಿನ ಕೈಯಲ್ಲಿ ರೊಟ್ಟಿ ಬಡಿಯುವುದೆಂದರೆ ತಮಾಷೆಯೇ! ಹದಿನಾರು ಬಡಿದಳು. ಗಂಟೆಯ ಮೇಲಾಯಿತು. ಬಲತೋಳು ಬೆಂಕಿಯ ಕಡೆಗೇ ಇತ್ತು.

"ನಾನೊಂದೆರಡು ಬೇಯಿಸ್ತೀನಿ ಬಾ, ನೀನೇಳು," ಎಂದು ಭೂಮಿಕಾ ಅಮ್ಮನ ತೋಳು ಹಿಡಿದು ಎಬ್ಬಿಸಲು ಬಂದಳು.

"ಆ ತೋಳು ಮುಟ್ಟಬೇಡ! ಬಸುರಿಗೆ ಆಗಲ್ಲ ಅಂತ ಎಷ್ಟು ಸಲ ಹೇಳೋದು?" ವನಜಾಕ್ಷಿ ಚೀರಿಬಿಟ್ಟಳು. ಮಗಳು ಮುಖ ಸಣ್ಣದು ಮಾಡಿಕೊಂಡು ಹಿಂದೆ ಸರಿದಳು. ಹೆತ್ತ ಮಗಳು ಹೊಟ್ಟೆ ಹೊತ್ತು ಬಂದಿದ್ದಾಳೆ, ಎರಡೂ ಕೈ ತುಂಬ ತಬ್ಬಿಕೊಳ್ಳುವ ಹಾಗಿಲ್ಲ. ಇದೆಂಥ ಬಾಳೋ ಶಿವನೇ ಅನ್ನಿಸಿ ವನಜಾಕ್ಷಿಗೆ ಅಳುವೇ ಬಂತು. ಹೊಗೆ ಅಂತ ಹೇಳಿ ಕಣ್ಣೊರೆಸಿಕೊಂಡಳು.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬಂದವಳೇ ನಕ್ಷೆ ನೋಡಿದಳು. ಹನ್ನೊಂದು ಹಳದಿ ಚುಕ್ಕೆ ಅಲ್ಲಲ್ಲೇ ಇದ್ದವು. ಹನ್ನೆರಡನೆಯದೊಂದು ನಗರದ ಇನ್ನೊಂದು ಮೂಲೆಯಲ್ಲಿ ಹೊಸದಾಗಿ ಹೊತ್ತಿತ್ತು.

"ಇದ್ಯಾರಪ್ಪಾ ಹೊಸಬಳು?" ಎಂದು ಒತ್ತಿ ನೋಡಿದರೆ ಅವಳದೇ ಹೆಸರು.

ತಿಪ್ಪೇಶ ನಕ್ಕುಬಿಟ್ಟ. "ಮೇಡಂ, ನೀವೂ ಕಿತ್ರಾ?"

ವನಜಾಕ್ಷಿ ನಗಲಿಲ್ಲ. ಭಾನುವಾರದ ಗೆರೆಯನ್ನು ಗಂಟೆಗಂಟೆಯಾಗಿ ಬಿಡಿಸಿ ನೋಡಿದಳು. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ, ರೊಟ್ಟಿ ಬಡಿದ ಹೊತ್ತಿನಲ್ಲಿ, ಐದು ಗಂಟೆಯ ಔಷಧ ಒಮ್ಮೆಗೇ ಇಳಿದಿತ್ತು. ಗಾಳಿಗಲ್ಲ, ಅವಳ ಮೈಯೊಳಗೆ. ಅವಳು ಬಿಲ್ಲೆ ಕಿತ್ತಿರಲಿಲ್ಲ. ಬೆಂಕಿಯ ಮುಂದೆ ಕೂತಿದ್ದಳು, ಅಷ್ಟೇ.

ಕಪಾಟಿನ ತಳದಿಂದ ಬಿಲ್ಲೆಯ ಮೂಲ ಪುಸ್ತಕ ತೆಗೆದಳು. ಹೊರದೇಶದ ಕಂಪನಿ ಬರೆದದ್ದು, ಎಚ್ಚರಿಕೆಗಳು ನಲವತ್ತೊಂದು. ಇಪ್ಪತ್ಮೂರನೆಯದು ಹೀಗಿತ್ತು: ತೋಳಬಿಲ್ಲೆಗೆ ಹೊರಗಿನ ಶಾಖ ತಾಗದಂತೆ ನೋಡಿಕೊಳ್ಳಿ. ಸೌನಾ, ಬಿಸಿನೀರಿನ ತೊಟ್ಟಿ, ವಿದ್ಯುತ್ ಕಂಬಳಿ ಬಳಸಬೇಡಿ. ಶಾಖಕ್ಕೆ ಚರ್ಮದ ರಕ್ತನಾಳಗಳು ಹಿಗ್ಗಿ, ಔಷಧ ಬೇಗ ಒಳಸೇರಿ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಬಹುದು.

ಆ ಸಾಲಿನ ಮೇಲೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದಿತ್ತು. ಎಳೆದ ಕೈ ಅವಳದೇ.

ಮೂರು ವರ್ಷದ ಹಿಂದಿನ ಆ ಸಭೆ ನಿನ್ನೆ ನಡೆದಂತೆ ನೆನಪಾಯಿತು. ಇಬ್ಬರು ವೈದ್ಯರು, ಕಂಪನಿಯ ಒಬ್ಬಾತ, ಕಾಲೇಜಿನ ಕನ್ನಡ ಮೇಷ್ಟರು ಒಬ್ಬರು, ಮತ್ತೆ ಇವಳು. ಮೂವತ್ತಕ್ಕಿಂತ ಹೆಚ್ಚು ಎಚ್ಚರಿಕೆ ಹೇಳಿದರೆ ಜನ ಕಿವಿಗೊಡುವುದಿಲ್ಲವೆಂದು ಯಾವುದೋ ಸಮೀಕ್ಷೆ ಹೇಳಿತ್ತಂತೆ. ನಮ್ಮವರಿಗೆ ಬೇಡದ್ದನ್ನೆಲ್ಲ ತೆಗೆದುಬಿಡೋಣ ಎಂದಾಯಿತು. ಸೌನಾ ಅಂದರೇನು ಅಂತ ವನಜಾಕ್ಷಿ ಕೇಳಿದಳು. ಮರದ ಕೋಣೆ, ಒಳಗೆ ಕಾದ ಕಲ್ಲಿಟ್ಟು ಕೂತು ಬೆವರುತ್ತಾರೆ, ಚಳಿ ದೇಶದ ಶೋಕಿ ಅಂತ ವೈದ್ಯರು ವಿವರಿಸಿದರು. "ಅಯ್ಯೋ ಸರ್, ನಮ್ಮ ದಾವಣಗೆರೆಯಲ್ಲಿ ಬೆವರೋಕೆ ಬಿಸಿಲೇ ಸಾಲದಾ? ಹೊಡೀರಿ ಅದನ್ನ!" ಎಂದಿದ್ದಳು ಇವಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಪೆನ್ನು ಇವಳ ಕೈಯಲ್ಲೇ ಇತ್ತು.

ಸೌನಾ ಇಲ್ಲದ ಊರಿನಲ್ಲಿ ಮಂಡಕ್ಕಿ ಭಟ್ಟಿ ಇದೆ ಅಂತ, ಕಟ್ಟಿಗೆ ಒಲೆ ಇದೆ ಅಂತ, ಹಂಡೆ ಒಲೆ ಇದೆ ಅಂತ ಐದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಂಜೆಯಾದರೆ ಮೆಣಸಿನಕಾಯಿ ಜೊತೆ ಅದೇ ಮಂಡಕ್ಕಿ ಮುಕ್ಕುವ ಐದು ಜನ! ವೈದ್ಯರಿಗೆ ಹೊಳೆಯದಿದ್ದರೆ ಹೋಗಲಿ, ಒಲೆಯ ಮುಂದೆಯೇ ಹುಟ್ಟಿ ಬೆಳೆದವಳಿಗೆ ಏನಾಗಿತ್ತು ಧಾಡಿ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಸುಮ್ಮನೆ ಹೇಳಿದ್ದಾರೆಯೇ.

"ತಿಪ್ಪೇಶ, ಆ ಹನ್ನೊಂದು ಜನರ ಮನೆಗೂ ಈಗಿಂದೀಗ ನರ್ಸುಗಳನ್ನ ಕಳಿಸು. ಕೆಂಪು ಅಂತ ಹಾಕು."

"ಯಾರೂ ಹೌದು ಅಂದಿಲ್ಲ ಮೇಡಂ. ಎಲ್ಲರೂ ಕಾಲು ನೋವಿಲ್ಲ ಅಂದಾರೆ. ಜುಲೇಕಾಬಿ ಇವತ್ತು ಬೆಳಿಗ್ಗೆ ಸೈತ ಇಲ್ಲ ಅಂದಾಳೆ."

"ದಿನಕ್ಕೆ ಎಂಟು ತಾಸು ನಿಂತು ಹುರಿಯೋರಿಗೆ ಕಾಲು ನೋಯದ ದಿನ ಯಾವುದೋ? ಫೋನಿನಾಗೆ ಏದುಸಿರು ಬಿಡ್ತಿದ್ಲು ಕಣೋ ಆಕೆ, ನಾನು ಕೇಳಿಸ್ಕೊಂಡೂ ಸುಮ್ಮನಾದೆ! ಕಳಿಸು ಅಂದ್ನಲ್ಲ!"

ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ತಿಪ್ಪೇಶ ಎಂದೂ ಕೇಳಿರಲಿಲ್ಲ. ಅವನ ಕೈ ತಾನಾಗಿ ಗುಂಡಿಗಳ ಮೇಲೆ ಓಡಿತು. ವನಜಾಕ್ಷಿ ಕೈಗವಸು, ಮುಚ್ಚಳದ ಚೀಲ ತೆಗೆದುಕೊಂಡು ಆಟೋ ಹತ್ತಿದಳು.

ಭಟ್ಟಿಯ ಸಾಲು ಬೆಳಗಿನ ಹೊತ್ತಿಗೇ ಹೊಗೆಯಾಡುತ್ತಿತ್ತು. ಮೆಶೀನಿನ ಮಂಡಕ್ಕಿ ಬಂದು ಎಷ್ಟೋ ವರ್ಷವಾಗಿದ್ದರೂ ಮರಳಿನಲ್ಲಿ ಹುರಿದದ್ದೇ ರುಚಿ ಎಂದು ಊರಿನ ಹಟ. ಜುಲೇಕಾಬಿ ದೊಡ್ಡ ಬಾಂಡ್ಲಿಯ ಮುಂದೆ ನಿಂತಿದ್ದಳು. ಕೆಳಗೆ ಹೊಟ್ಟಿನ ಬೆಂಕಿ ಬುಸುಗುಡುತ್ತಿತ್ತು. ಕಾದ ಮರಳಿಗೆ ಅಕ್ಕಿ ಸುರಿದು, ಬಲಗೈಯಲ್ಲಿ ಸಟ್ಟುಗ ಹಿಡಿದು ಕೈಯಾಡಿಸಿ, ಅರಳಿದ ಕೂಡಲೇ ಜರಡಿಗೆ ಎತ್ತಿ ಹಾಕಬೇಕು. ಒಂದು ಗಳಿಗೆ ತಡವಾದರೆ ಕರಿ. ಆ ಬಲತೋಳಿನ ಮೇಲೆ, ರವಿಕೆಯ ತೋಳಿನ ಅಂಚಿಗೆ, ಬಿಲ್ಲೆ ಕಾಣಿಸುತ್ತಿತ್ತು.

"ಜುಲೇಕಕ್ಕಾ!"

ಜುಲೇಕಾಬಿ ತಿರುಗದೆಯೇ ನಕ್ಕಳು. "ಎಲ್ಲಿದ್ರೂ ಗೊತ್ತಾಗ್ತತೆ ನಿಮ್ಮ ದನಿ. ತೋಳಿಗೂ ಬಂತು, ಫೋನಿಗೂ ಬಂತು, ಈಗ ಭಟ್ಟಿಗೇ ಬಂದ್ರಾ? ನಿಲ್ರಿ, ಈ ಒಬ್ಬೆ ಇಳಿಸ್ತೀನಿ."

"ಇಳಿಸಬೇಡಿ. ಬೆಂಕಿ ಬಿಟ್ಟು ಈ ಕಡೆ ಬನ್ನಿ. ಬನ್ನಿ ಅಕ್ಕಾ, ಕೈ ಮುಗೀತೀನಿ."

ಜುಲೇಕಾಬಿ ಬರುವಾಗ ಎಡಗಾಲು ಎಳೆಯುತ್ತಿದ್ದಳು. ಕಟ್ಟೆಯ ಮೇಲೆ ಕೂರಿಸಿ ಸೀರೆ ಮೊಣಕಾಲಿನವರೆಗೆ ಸರಿಸಿ ನೋಡಿದರೆ, ಎಡಗಾಲು ಬಲಗಾಲಿನ ಒಂದೂವರೆಯಷ್ಟಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು, ಮುಟ್ಟಿದರೆ ಬಿಸಿ.

"ಯಾವಾಗಿಂದ ಹೀಗಿದೆ?"

"ನಾಕೈದು ದಿನ ಆತು. ನಿಂತು ನಿಂತು ಬಾವು ಬರ್ತತೆ ಬಿಡ್ರಿ, ನಮ್ಮ ಕೆಲಸದಾಗೆ ಯಾರಿಗೆ ಬರಲ್ಲ?"

"ಬಿಲ್ಲೆ ಕೇಳಿದಾಗ ಇಲ್ಲ ಅಂದ್ರಲ್ಲ!"

"ಹೌದು ಅಂದ್ರೆ ಏನು ಮಾಡ್ತೀರಿ? ಬರ್ತೀರಿ, ಕೆಲಸ ಬಿಡಿಸ್ತೀರಿ." ಇಷ್ಟು ಹೇಳುವುದಕ್ಕೇ ಅವಳು ಎರಡು ಸಲ ನಿಂತು ಉಸಿರೆಳೆದುಕೊಂಡಳು. ತುಟಿ ಸ್ವಲ್ಪ ನೀಲಿಗಟ್ಟಿತ್ತು. "ಈಗ ಬಂದೇ ಬಿಟ್ರಲ್ಲ, ಬಿಡ್ರಿ."

ವನಜಾಕ್ಷಿ ಕೈಗವಸು ಹಾಕಿಕೊಂಡು ಬಿಲ್ಲೆಯನ್ನು ಅಂಚಿನಿಂದ ಬಿಡಿಸಿದಳು. ಅಂಟು ಒಳಗೆ ಮಾಡಿ ಮಡಚಿ, ಚೀಲಕ್ಕೆ ಹಾಕಿ, ಬಾಯಿ ಬಿಗಿದಳು. ಕಿತ್ತರೂ ಒಳಗೆ ಹೋದ ಔಷಧ ವಾಪಸ್ಸು ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಆಂಬುಲೆನ್ಸ್ ಬರುವ ತನಕ ಜುಲೇಕಾಬಿಯ ಬೆನ್ನು ಸವರುತ್ತ ಕೂತಳು. ಬಾಂಡ್ಲಿಯಲ್ಲಿ ಬಿಟ್ಟುಬಂದ ಒಬ್ಬೆ ಕರಿಯಾಗಿ ವಾಸನೆ ಬಂತು. "ಅಯ್ಯೋ, ಸುಟ್ಟೇ ಹೋತಲ್ಲಮ್ಮ," ಎಂದು ಜುಲೇಕಾಬಿ ಉಸಿರು ಸಿಕ್ಕದಿದ್ದರೂ ಪೇಚಾಡಿದಳು.

ತೊಡೆಯ ರಕ್ತನಾಳದಲ್ಲಿ ಗೇಣುದ್ದ ಹೆಪ್ಪುಗಟ್ಟಿತ್ತು. ಅದರ ಒಂದು ಚೂರು ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಇನ್ನೊಂದು ದಿನ ತಡವಾಗಿದ್ದರೆ ನಾವು ಏನೂ ಮಾಡುವ ಹಾಗಿರಲಿಲ್ಲ ಅಂದರು ಆಸ್ಪತ್ರೆಯ ವೈದ್ಯರು. ಉಳಿದ ಹತ್ತು ಮಂದಿಯಲ್ಲಿ ಇನ್ನೊಬ್ಬಳಿಗೆ ಕಾಲಿನಲ್ಲಿ ಶುರುವಾಗಿತ್ತು. ಒಂಬತ್ತು ಮಂದಿ ಪಾರು. ಅವರೆಲ್ಲರ ಬಿಲ್ಲೆ ಬಿಡಿಸಿ, ವೈದ್ಯರು ತಪಾಸಣೆ ಮಾಡಿ, ಹಳೆಯ ಪದ್ಧತಿಯ ಗುಳಿಗೆಗೆ ಹಾಕಿದರು.

ವರದಿ ಬರೆಯುವ ದಿನ ತಿಪ್ಪೇಶ ಎರಡು ಲೋಟ ಚಹಾ ತಂದು ಒಂದನ್ನು ಅವಳ ಮುಂದಿಟ್ಟ. ಅವನಿಗೂ ನಿದ್ದೆಯಿರಲಿಲ್ಲ.

"ಮೇಡಂ, ಪುಸ್ತಕದಾಗೆ ಬೇಗ ಬರಿದಾದ್ರೆ ಕಿತ್ತಾರೆ ಅಂತ ತಾನೆ ಇರೋದು? ಕಂಪನಿ ತಪ್ಪು ಅಂತ ಬರೀರಿ ಸಾಕು. ಸಾಲು ತೆಗೆಯೋವಾಗ ಐದು ಜನ ಇದ್ರಿ. ನೀವೊಬ್ರೇ ಯಾಕೆ ತಲೆ ಕೊಡ್ತೀರಿ?"

"ನಕ್ಕಿದ್ದು ಐದು ಜನ. ಹೊಡೀರಿ ಅಂದಿದ್ದು ನಾನು."

"ಕೆಲಸ ಹೋಗ್ಬಹುದು."

"ಹೋಗ್ಲಿ. ಸಾಕಾಗೈತೆ ನನಗೂ."

ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕಿದಳು. ಮೇಲಿನವರು ಅವಳನ್ನು ತೆಗೆಯಲಿಲ್ಲ. ನಾಲ್ಕು ಸಾವಿರ ತೋಳಿಗೆ ಹೊಸ ದನಿ ಹಾಕುವುದು ದೊಡ್ಡ ತಲೆನೋವು, ಅದಕ್ಕೆ. ಬೆಂಕಿಯಿಂದ ದೂರ ಇರಿ ಎಂಬ ಹೊಸ ವಾಕ್ಯ ಹೇಳಿಸಿಕೊಂಡು ಕಳಿಸಿದರು. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ, ಯಾರೂ ಬೈಯಲೂ ಇಲ್ಲ. ಆ ವಾರವೆಲ್ಲ ಅವಳಿಗೆ ಊಟ ಸೇರಲಿಲ್ಲ. ಮಗಳು ತಟ್ಟೆ ಮುಂದಿಟ್ಟು, ತಿನ್ನೋ ತನಕ ಏಳಲ್ಲ ಅಂತ ಎದುರಿಗೇ ಕೂತುಬಿಡುತ್ತಿದ್ದಳು.

"ಆಕೆ ಬದುಕಿದಾಳಲ್ಲಮ್ಮ," ಎಂದಳು ಭೂಮಿಕಾ.

"ಬದುಕಿದಾಳೆ. ನಾನು ಮಾಡಿದ್ದು ಆಕೆಗಿನ್ನೂ ಗೊತ್ತಿಲ್ಲ. ನಾನೇ ಉಳಿಸಿದೆ ಅಂತ ದುವಾ ಮಾಡ್ತಾಳಂತೆ. ನರ್ಸು ಹೇಳಿದ್ಲು."

"ಹೇಳಿಬಿಡು ಮತ್ತೆ."

ಹತ್ತನೆಯ ದಿನ ಸಂಜೆ ನಾಲ್ಕಕ್ಕೆ, ನೋಡಲು ಬಿಡುವ ಹೊತ್ತಿಗೆ, ವನಜಾಕ್ಷಿ ಆಸ್ಪತ್ರೆಗೆ ಹೋದಳು. ಮೂಲ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡಿದ್ದಳು. ಜುಲೇಕಾಬಿ ದಿಂಬಿಗೆ ಒರಗಿ ಕೂತಿದ್ದಳು. ಬಾವು ಇಳಿದಿತ್ತು, ಮುಖ ಒಂದು ಹಿಡಿಯಾಗಿತ್ತು.

"ಬರ್ರಿ ಬರ್ರಿ," ಎಂದು ಮಂಚದ ಮೇಲೆ ಜಾಗ ಮಾಡಿದಳು. "ಇವರೇ ನೋಡ್ರಿ ನನ್ನ ಜೀವ ಉಳಿಸಿದೋರು," ಎಂದು ಅಕ್ಕಪಕ್ಕದ ಮಂಚದವರಿಗೆ ಹೇಳಿದಳು.

ವನಜಾಕ್ಷಿ ಕೂರಲಿಲ್ಲ. ನಿಂತೇ ಹೇಳಿದಳು. ಸಭೆ, ಸೌನಾ, ನಗು, ಕೆಂಪು ಪೆನ್ನು, ಎಲ್ಲ. ಬಸ್ ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷ ತೊದಲದ ನಾಲಿಗೆ ಮೂರು ಕಡೆ ತೊದಲಿತು. "ಆ ಸಾಲು ಇದ್ದಿದ್ರೆ ನಿಮಗೆ ಹೀಗಾಗ್ತಿರಲಿಲ್ಲ ಅಕ್ಕಾ. ನನ್ನ ತಪ್ಪು," ಎಂದು ಮುಗಿಸಿದಳು.

ಜುಲೇಕಾಬಿಯ ಮುಖದ ಮೇಲಿದ್ದ ನಗು ಹೋಗಿತ್ತು.

"ಇದ್ದಿದ್ರೂ ನಾನು ಭಟ್ಟಿ ಬಿಡ್ತಿರಲಿಲ್ಲ," ಎಂದಳು. "ನಲವತ್ತು ವರ್ಷದ ಕೆಲಸ. ಬಿಟ್ಟು ಎಲ್ಲಿಗೆ ಹೋಗ್ಲಿ? ನೀವು ಹೇಳಿದ್ರೂ ಅಲ್ಲೇ ನಿಲ್ತಿದ್ದೆ."

ವನಜಾಕ್ಷಿಗೆ ಒಂದು ಕ್ಷಣ ಉಸಿರು ಹಗುರಾಯಿತು. ಅಷ್ಟರಲ್ಲಿ ಜುಲೇಕಾಬಿ ಅವಳ ಮುಖ ನೋಡಿ ಹೇಳಿದಳು:

"ಆದ್ರೆ ತಿಳ್ಕಂಡು ನಿಲ್ತಿದ್ದೆ. ಆ ತೋಳಿಗೆ ಒದ್ದೆ ಬಟ್ಟೆ ಕಟ್ಕಂತಿದ್ದೆ. ಎಡಗೈಲಿ ಹುರೀತಿದ್ದೆ. ಬಿಲ್ಲೆ ಬ್ಯಾಡ ಗುಳಿಗೆ ಕೊಡ್ರಿ ಅಂತಿದ್ದೆ. ಏನೋ ಒಂದು ಮಾಡ್ತಿದ್ದೆ. ನಮಗೆ ಬೇಕೋ ಬ್ಯಾಡೋ ನೀವು ಹೆಂಗೆ ನೋಡಿದ್ರಿ? ಹೊಟ್ಟೆಗೆ ಹಾಕೋ ಸೊಸೆ ಉಪ್ಪೆಷ್ಟು ಅಂತ ಕೇಳ್ತಾಳೆ. ನೀವು ಜೀವದ ಮಾತು, ಕೇಳಲೇ ಇಲ್ಲ."

ವನಜಾಕ್ಷಿ ತಲೆ ತಗ್ಗಿಸಿದಳು.

"ಎಷ್ಟು ಸಾಲು ತೆಗೆದ್ರಿ?"

"ಹನ್ನೆರಡು."

"ಪುಸ್ತಕ ಐತಾ?"

"ಇದೆ."

"ಕುಂದ್ರಿ. ಹನ್ನೆರಡೂ ಓದ್ರಿ. ಕನ್ನಡದಾಗೆ ಹೇಳ್ರಿ, ಒಂದೂ ಬಿಡಬ್ಯಾಡ್ರಿ."

ವನಜಾಕ್ಷಿ ಮಂಚದ ತುದಿಗೆ ಕೂತು ಪುಸ್ತಕ ಬಿಚ್ಚಿದಳು. ಕೆಂಪು ಗೆರೆ ಇದ್ದಲ್ಲೆಲ್ಲ ಬೆರಳಿಟ್ಟು ಓದುತ್ತ ಹೋದಳು. ಆಳ ಸಮುದ್ರದಲ್ಲಿ ಮುಳುಗುವ ಮುನ್ನ ಬಿಲ್ಲೆ ತೆಗೆಸಿ. "ಅದು ಬ್ಯಾಡ, ಮುಂದ್ಕೆ," ಎಂದಳು ಜುಲೇಕಾಬಿ. ಮುಳ್ಳುಗಳಲ್ಲಿ ಲೋಹವಿದೆ, ದೊಡ್ಡ ಅಯಸ್ಕಾಂತದ ಸ್ಕ್ಯಾನಿಂಗ್‌ಗೆ ಹೋಗುವಾಗ ತಿಳಿಸಿ. "ಅದು ಇರ್ಲಿ, ಬೇಕು." ಕಣ್ಣೊಳಗೆ ಹಾಕುವ ಲೆನ್ಸ್ ಒಣಗಿದಂತಾದರೆ ತಿಳಿಸಿ. "ನಮಗ್ಯಾರಿಗೈತೆ? ಇರ್ಲಿ, ಹುಡುಗೀರಿಗೆ ಬೇಕಾಗ್ತತೆ." ಇಪ್ಪತ್ಮೂರನೆಯದನ್ನು ವನಜಾಕ್ಷಿ ಎರಡು ಸಲ ಓದಿದಳು.

"ಇಪ್ಪತ್ತೇಳು," ಎಂದು ವನಜಾಕ್ಷಿ ಮುಂದುವರಿದಳು. "ನಾಲ್ಕು ಗಂಟೆಗಿಂತ ಹೆಚ್ಚು ವಿಮಾನದಲ್ಲಿ ಕೂತು ಹೋಗುವವರು ಮೊದಲೇ ವೈದ್ಯರನ್ನು ಕೇಳಬೇಕು. ಅಲುಗಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗಂಟೆಗೊಮ್ಮೆ ಎದ್ದು..."

ಜುಲೇಕಾಬಿ ಅವಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

"ನಿಲ್ರಿ. ಇದ್ಯಾಕೆ ತೆಗೆದ್ರಿ?"

"ನಮ್ಮ ಹೆಂಗಸರು ಅಷ್ಟು ದೂರ ವಿಮಾನದಲ್ಲಿ ಎಲ್ಲಿ ಹೋಗ್ತಾರೆ ಅಂತ..."

"ನನ್ನ ತಂಗಿ ನಾಳೆ ಹಜ್‌ಗೆ ಹೊಂಟಾಳೆ," ಎಂದಳು ಜುಲೇಕಾಬಿ. "ಆಕಿ ತೋಳಿನಾಗೂ ಬಿಲ್ಲೆ ಐತೆ. ಫೋನ್ ಹಚ್ಚಿ ಕೊಡ್ತೀನಿ, ಮೊದಲಿಂದ ಓದಿ ಹೇಳ್ರಿ."